ಸವಳು ಹೊಲದಲ್ಲಿ ಪಂಕ್ತಿಭೇದ

ಮೂಡಲಗಿ ಸೀಮೆಯ ಕಾಶೆವ್ವನಿಗೆ ಪಂಕ್ತಿಭೇದವೆಂದರೆ ಆಗದು. ಮಠದ ದಾಸೋಹದಲ್ಲಿ ಬಡಿಸಿ ಬಡಿಸಿಯೇ ಕೂದಲು ನರೆತವಳು. ಊರ ಗೌಡರಿಗೂ ದನ ಕಾಯುವವನಿಗೂ ಒಂದೇ ಸೌಟು ಹುಗ್ಗಿ. ಇನ್ನಷ್ಟು ತುಪ್ಪ ಬೇಕೆಂದು ಕಣ್ಣು ಮಿಟುಕಿಸುವ ಗಂಡ ಗುರುಲಿಂಗಪ್ಪನಿಗೂ ಅದೇ ಚಮಚ.

ಇಂಥವಳ ಹೊಲವನ್ನೇ ಪ್ರಯೋಗ ಹುಡುಕಿಕೊಂಡು ಬಂತು. ಕಾಲುವೆ ನೀರು ಕುಡಿದು ಕುಡಿದು ಆ ಹೊಲ ಸವಳಾಗಿತ್ತು, ಮೇಲೆ ಬಿಳಿ ಉಪ್ಪು ಎದ್ದಿತ್ತು. ಅಲ್ಲಿ ಮೀನಿನ ಹೊಂಡ ತೋಡಿಸಲು ಗುರುಲಿಂಗಪ್ಪ ಜೆಸಿಬಿಯವನಿಗೆ ಹೇಳಿಯೂ ಆಗಿತ್ತು. ತವರಿನವರು ಕೊಟ್ಟ ಹೊಲ. ಅದನ್ನು ಅಗೆಸಲು ಕಾಶೆವ್ವನಿಗೆ ಮನಸ್ಸಿಲ್ಲ.

ಅರಭಾವಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಸಂಶೋಧಕಿ ಸಂಘಮಿತ್ರಾ ಅಲ್ಲಿ ಎರಡು ಪಟ್ಟಿ ಮಾಡಿ ಹೆಸರುಕಾಳು ಬಿತ್ತಿಸಿ, ಎರಡು ಕ್ಯಾನು ಕೊಟ್ಟಳು.

"ಉಪ್ಪಿನ ಕಾಟ ತಡಿಯಾಕ ಗಿಡ ತನ್ನೊಳಗ ಒಂದು ಹಾರ್ಮೋನು ಮಾಡಕೊಂತೈತ್ರಿ, ಕಾಕೂ. ಅದನ್ನ ನಾವು ಹೊರಗಿಂದ ಸ್ವಲ್ಪ ಕೊಡೂದು. ಬಲಗಡೆ ಪಟ್ಟಿಗೆ ಈ ಔಷಧ, ಎಡಗಡೆ ಪಟ್ಟಿಗೆ ಬರೇ ನೀರು ಹೊಡೀರಿ. ಫರಕ ನೋಡಬೇಕು."

ಕಾಶೆವ್ವ ತಲೆಯಾಡಿಸಿದಳು. ಬಸ್ಸು ಹೋದ ಮೇಲೆ ಎರಡೂ ಕ್ಯಾನು ಒಂದೇ ಡ್ರಮ್ಮಿಗೆ ಸುರಿದು, ಎರಡೂ ಪಟ್ಟಿಗೆ ಸಮನಾಗಿ ಹೊಡೆದಳು. ಹೊಸ ಕ್ಯಾನು ಬಂದ ಪ್ರತಿ ಸಲವೂ ಹೀಗೆಯೇ. ಮನಸ್ಸು ಹಗುರವಾಗಿತ್ತು.

ಕಾಯಿ ಕಟ್ಟುವ ಹೊತ್ತಿಗೆ ಸಂಘಮಿತ್ರಾ ಬಂದು ನೋಡಿದರೆ ಎರಡೂ ಪಟ್ಟಿ ಒಂದೇ ಹಸಿರು. ಅವಳ ಮುಖ ಸಪ್ಪಗಾಯಿತು.

"ಫರಕ ಇಲ್ರಿ. ಔಷಧದಿಂದ ಏನೂ ಆಗಿಲ್ಲ ಅಂತ ಬರೀಬೇಕಾಗ್ತೈತಿ."

"ಮಳಿ ಚಲೋ ಆತು, ಅದಕ್ಕ ಬೆಳಿ ಬಂತು," ಎಂದ ಗುರುಲಿಂಗಪ್ಪ. "ಬರೂ ವರ್ಷ ಮಳಿ ಕೈ ಕೊಟ್ರ? ಮೀನಿನ ಹೊಂಡಾನ ಚಲೋ."

ಕಾಶೆವ್ವನಿಗೆ ಇನ್ನು ಬಾಯಿ ಮುಚ್ಚಿಕೊಂಡಿರಲು ಆಗಲಿಲ್ಲ.

"ಎರಡಕ್ಕೂ ಔಷಧ ಹೊಡದೇನವ್ವಾ. ಒಬ್ಬರಿಗೆ ಹುಗ್ಗಿ, ಒಬ್ಬರಿಗೆ ನೀರು ಬಡಸೂ ಕೈ ಅಲ್ಲ ಇದು."

ಸಂಘಮಿತ್ರಾ ಬದುವಿನ ಮೇಲೆ ಕುಳಿತಳು. ಆಗಲೇ ಕಾಲ ಬುಡದ ಸಾಲೊಂದು ಅವಳ ಕಣ್ಣಿಗೆ ಬಿದ್ದದ್ದು. ಅದೇ ಕಾಳು, ಅದೇ ಉಪ್ಪು, ಅದೇ ಮಳೆ. ಎಲೆ ಸುಟ್ಟು, ಗಿಡ ಗೇಣುದ್ದಕ್ಕೇ ನಿಂತಿತ್ತು.

"ಇದೇನ್ರಿ?"

"ಅದು ನನ್ನ ಸಾಲು. ಉಳಿದ ಬೀಜ ಮನಿಗಂತ ಹಾಕಿದ್ದೆ. ಬಡಸೂವ್ರು ಕಡೀಕ ಉಣ್ಣಬೇಕಲ್ಲ, ಕಡೀಕ ಡ್ರಮ್ಮಿನ್ಯಾಗ ಏನೂ ಉಳೀತಿದ್ದಿಲ್ಲ."

ಗುರುಲಿಂಗಪ್ಪ ಆ ಸಾಲಿನದೊಂದು ಗಿಡ ಕಿತ್ತು, ಪಟ್ಟಿಯ ಗಿಡದ ಪಕ್ಕ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ಜೆಸಿಬಿಯವನಿಗೆ ಫೋನ್ ಹಚ್ಚಿ, "ಈ ವರ್ಷ ಬ್ಯಾಡ ಬಿಡಪಾ" ಎಂದ.

"ಒಂದ ಸಾಲು ನೋಡಿ ಯಾರೂ ಒಪ್ಪಂಗಿಲ್ರಿ, ಕಾಕೂ," ಎಂದಳು ಸಂಘಮಿತ್ರಾ. "ಮತ್ತೊಮ್ಮೆ ಬಿತ್ತಬೇಕು. ಈ ಸಲ ಎಡಗಡೆ ಪಟ್ಟಿಗೆ ಖರೇನ ಬರೇ ನೀರು."

ಕಾಶೆವ್ವ ಎಡಗಡೆ ಪಟ್ಟಿಯನ್ನು ನೋಡಿದಳು. ಅಯ್ಯೋ ಅನ್ನಿಸಿತು.

"ಆತು. ಆದ್ರ ಅದು ನನ್ನ ಪಟ್ಟಿ ಅಂತ ಬರಕೋ. ನಂದು ಅಂದ್ರ ಉಪವಾಸ ಇಟ್ಟೇನು."