ಮುರಗೆಪ್ಪ ಆರಿಸಿ ತಂದ ಕಂಟ್ರೋಲರ್

ಮಿರಜದ ಆ ಅಂಗಡಿಯಲ್ಲಿ ಮುರಗೆಪ್ಪನ ಎಡಗೈಗೆ ಕೆಲಸವೇ ಇರಲಿಲ್ಲ. ಇಪ್ಪತ್ತೆರಡು ವರ್ಷ ಭಜನೆಯಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸಿದವನು ಅವನು. ಬಲಗೈ ಸ್ವರದ ಮನೆಗಳ ಮೇಲೆ, ಎಡಗೈ ಗಾಳಿ ಊದುವ ತಿದಿಯ ಮೇಲೆ. ಎದುರಿಗಿದ್ದ ಕೀಬೋರ್ಡಿಗೆ ತಿದಿಯೇ ಇಲ್ಲ. ಎಡಗೈ ಎರಡು ಸಲ ತಾನಾಗಿಯೇ ಹಿಂದಕ್ಕೆ ಹೋಗಿ ಗಾಳಿ ಹೊಡೆದು ಬಂತು. ಅಂಗಡಿಯವನು ನಕ್ಕ. ಮುರಗೆಪ್ಪನೂ ನಕ್ಕು ಆ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡ.

ಅದು ೧೯೯೮. ಜುಗೂಳದ ಭಜನಾ ಮೇಳದಲ್ಲಿ ಹಾಡುವವನು ಮಾಳಸಿದ್ದ, ಪೇಟಿ ಮುರಗೆಪ್ಪನದು. ಮಾಳಸಿದ್ದ ಕುರಿ ಕಾಯುವವ, ಮುರಗೆಪ್ಪ ಕಬ್ಬಿನ ಹೊಲದವ. ಊರವರ ಬಾಯಲ್ಲಿ ಇಬ್ಬರ ಹೆಸರೂ ಒಂದೇ ಉಸಿರಿನಲ್ಲಿ ಬರುತ್ತಿತ್ತು. ಅಥಣಿಯ ರಾಜಾರಾಮ ಕ್ಯಾಸೆಟ್ಟು ಮಾರುವವ. ಆ ವರ್ಷ ಅವನು ಕಂಪ್ಯೂಟರ್ ತಂದು, ಅದರಲ್ಲೇ ಹಾಡು ಕೂಡಿಸುವ ಸ್ಟುಡಿಯೋ ಮಾಡಿದ್ದ. ಕಂಪ್ಯೂಟರಿಗೆ ಜೋಡಿಸಲು ಒಂದು ಕೀಬೋರ್ಡ್ ಬೇಕಿತ್ತು, ಅದಕ್ಕೆ ಕಂಟ್ರೋಲರ್ ಎನ್ನುತ್ತಾರೆ. "ಬಾರಸಾವ್ರು ನೀವು, ಆರಿಸಾವ್ರೂ ನೀವ ಆಗ್ರಿ" ಎಂದು ಅವನೇ ಮುರಗೆಪ್ಪನನ್ನು ಕರೆದುಕೊಂಡು ಹೊರಟ. ಡಬ್ಬಿಯ ಮೇಲಿನ ಇಂಗ್ಲಿಷ್ ಓದಲು ನನ್ನನ್ನೂ ಕರೆದರು. ನಾನು ಬಿ.ಎ. ಮುಗಿಸಿದ್ದೆ, ನಮ್ಮ ಹೊಲ ಮುರಗೆಪ್ಪಕಾಕಾನ ಬದುವಿಗೆ ಹತ್ತಿಕೊಂಡೇ ಇತ್ತು.

ಅಂಗಡಿಯವನು ಮೂರನ್ನು ತೆಗೆದು, ಒಂದೊಂದಾಗಿ ತನ್ನ ಕಂಪ್ಯೂಟರಿಗೆ ಜೋಡಿಸಿ ಕೊಟ್ಟ. ಒಂದು ಉದ್ದನೆಯದು, ಮೈತುಂಬ ಗುಂಡಿ. ರಾಜಾರಾಮನ ಕಣ್ಣು ಅದರ ಮೇಲೆಯೇ.

"ಬಂದಾವ್ರು ನೋಡಿ ಹೌಹಾರಬೇಕ್ರಿ ಕಾಕಾ."

"ನಾ ಭಜನಿ ಬಾರಿಸ್ಲೋ, ಇಮಾನ ಹಾರಿಸ್ಲೋ?" ಎಂದ ಮುರಗೆಪ್ಪ.

ಎರಡನೆಯದು ಸಣ್ಣದು, ಹಗುರ. ಮೆಲ್ಲಗೆ ಮುಟ್ಟಿದರೂ ಗುದ್ದಿದರೂ ಸ್ವರ ಒಂದೇ. ಮೂರನೆಯದಕ್ಕೆ ಗುಂಡಿ ಕಡಿಮೆ, ಆದರೆ ಬೆರಳಿನ ಒತ್ತು ತಿಳಿಯುತ್ತಿತ್ತು. ನಾನು ಪುಸ್ತಿಕೆ ಓದಿ ಹೇಳಿದೆ: "ಇದರೊಳಗ ಸ್ವರ ಇಲ್ಲ ಕಾಕಾ. ಯಾವ ಮನಿ ಒತ್ತಿದಿ, ಎಷ್ಟು ಜೋರ ಒತ್ತಿದಿ, ಎಷ್ಟೊತ್ತು ಹಿಡದಿ, ಅಷ್ಟ ಕಂಪ್ಯೂಟರಿಗೆ ಹೇಳತೈತಿ."

"ಅಂದ್ರ ಚಾಡಿ ಹೇಳೂ ಪೇಟಿ."

ಅದರ ಮುಂದೆಯೇ ಅವನು ಒಂದು ತಾಸು ಕುಳಿತ. ಮಾಳಸಿದ್ದನಿಗೆ ದಮ್ಮಿನ ಕಾಯಿಲೆ ಇತ್ತು. ಸಾಲಿನ ಕೊನೆಯಲ್ಲಿ ಅವನ ಉಸಿರು ಸಾಲದಾದಾಗ ಮುರಗೆಪ್ಪ ಕೊನೆಯ ಸ್ವರವನ್ನು ಮೆತ್ತಗೆ, ಒಂದಿಷ್ಟು ಹೆಚ್ಚು ಹೊತ್ತು ಹಿಡಿಯುತ್ತಿದ್ದ. ಕೇಳುವವರಿಗೆ ಹಾಡುವವನೇ ಎಳೆದಂತೆ ಅನಿಸುತ್ತಿತ್ತು. ಆ ಮೆತ್ತನೆಯ ಹಿಡಿತ ಮೂರನೆಯದರಲ್ಲಿ ಮಾತ್ರ ಬಂತು. "ಇದು ತೊಗೊ. ನನ್ನ ಕೈ ಇದಕ್ಕ ತಿಳಿತೈತಿ" ಎಂದ.

ಆದರೆ ತಿರುಗಿ ಬರುವಾಗ ಕಾಗವಾಡದ ಬಸ್ಸಿನಲ್ಲಿ ಅವನ ಮುಖ ಇಳಿದಿತ್ತು. ರಾಜಾರಾಮ ಮುಂದಿನ ಸೀಟಿನಲ್ಲಿ ನಿದ್ದೆ ಹೋದ ಮೇಲೆ ನನ್ನ ಕಿವಿಯಲ್ಲಿ ಹೇಳಿದ: "ಒಮ್ಮಿ ಬಾರಿಸಿದ್ದು ಕಂಪ್ಯೂಟರಿನ್ಯಾಗ ಉಳದ್ರ, ಮುಂದ ನನ್ನ ಬಿಟ್ಟ ಮಾಳ್ಯಾನ್ನ ಹಾಡಸ್ತಾರಲ್ಲೋ?"

ಅದಕ್ಕೆ ಉಪಾಯವನ್ನೂ ಅವನೇ ಹೇಳಿದ. ನಮ್ಮ ಕಡೆ ಪೇಟಿಯವರಲ್ಲಿ ಒಂದು ರೂಢಿ ಇತ್ತು. ಬೇರೆ ಮೇಳದವರು ಕುಳಿತಲ್ಲಿ ತಮ್ಮ ಹಾಡುಗಾರನ ಸ್ವರದಲ್ಲಿ ಹಾಡಿನ ಚಾಲು, ಅಂದರೆ ಧಾಟಿ, ಬಾರಿಸುವುದಿಲ್ಲ. ಬೇರೆ ಮನೆಯಿಂದ ಹಿಡಿದು ಬಾರಿಸಿ, ಕಲಿಯಬಂದವರ ಬೆರಳು ದಾರಿ ತಪ್ಪುವಂತೆ ಮಾಡುತ್ತಾರೆ. ಮಾಳಸಿದ್ದ ಹಾಡುವುದು ಬಿಳಿ ನಾಲ್ಕರಲ್ಲಿ, ನಾಲ್ಕನೆಯ ಬಿಳಿ ಮನೆಯೇ ಅವನ ಸಾ; ಎರಡನೆಯ ಕಪ್ಪು ಮನೆ ಅದಕ್ಕಿಂತ ಕೆಳಗಿನದು. "ನಾ ಎಲ್ಲಾ ಕಪ್ಪು ಎರಡರಾಗ ತುಂಬತೀನಿ. ಅವನ ಕಂಠ ಅಷ್ಟು ಕೆಳಗ ಕುಂದರೂದುಲ್ಲ. ಹಾಡಸೂದಾದ್ರ ನನ್ನ ಕರಿಯಾಕಬೇಕು."

"ಸ್ವರ ಏರಿಸಿದ್ರ?"

"ಏರಿಸಿದ್ರ ಹಾಡು ಓಟ ಹಿಡಿತೈತಿ. ಟೇಪಿನ್ಯಾಗ ಕೇಳಿಲ್ಲೇನ, ಜೋರ ತಿರಗಿದ್ರ ಗಂಡಸಿನ ದನಿ ಗುಬ್ಬಿ ಆಗತೈತಿ."

ಟೇಪಿನ ಮಟ್ಟಿಗೆ ಅದು ನಿಜ. ಸ್ವರ ಬದಲಿಸುವ ಬಗ್ಗೆ ಪುಸ್ತಿಕೆಯಲ್ಲಿ ಒಂದು ಸಾಲಿತ್ತು, ನಾನು ಓದಿದ್ದೆ. ಕಂಪ್ಯೂಟರಿನಲ್ಲಿ ಹಾಡಿನ ಓಟ ಕೆಡದಂತೆ ಸ್ವರ ಬದಲಿಸಬಹುದು ಎಂದು ಆಗ ನನಗೆ ಅರ್ಥವಾಗಿರಲಿಲ್ಲ.

ಮುರಗೆಪ್ಪ ಅಥಣಿಗೆ ನಾಲ್ಕು ದಿನ ಹೋಗಿ, ಹದಿನಾರು ಚಾಲುಗಳನ್ನು ಕಪ್ಪು ಎರಡರಲ್ಲಿ ಬಾರಿಸಿ ಬಂದ. "ಬರೇ ಪರೀಕ್ಷಾಕ್ಕರಿ, ಖರೇ ರೆಕಾರ್ಡಿಂಗಿಗೆ ಇಬ್ಬರನ್ನೂ ಕೂಡಿಸೇ ಕರಿತೇನಿ" ಎಂದಿದ್ದ ರಾಜಾರಾಮ.

ಎರಡು ತಿಂಗಳು ಕರೆ ಬರಲಿಲ್ಲ. ಒಂದು ದಿನ ಹಾರೂಗೇರಿಯ ಬಸ್ ಸ್ಟ್ಯಾಂಡಿನಲ್ಲಿ ನಾನೂ ಅವನೂ ಚಹಾ ಕುಡಿಯುತ್ತಿದ್ದೆವು. ಎದುರಿನ ಅಂಗಡಿಯಿಂದ ಮಾಳಸಿದ್ದನ ದನಿ ಬಂತು. ಮುರಗೆಪ್ಪ ಖುಷಿಯಿಂದ ಎದ್ದು ನಿಂತ. ಮೊದಲ ಸಾಲು ಮುಗಿಯಿತು. ಕೊನೆಯ ಸ್ವರ ಮೆತ್ತಗೆ ಎಳೆದು ನಿಂತಿತು. ಅದು ಬಿಳಿ ನಾಲ್ಕು. ಓಟ ಒಂದಿಷ್ಟೂ ಕೆಟ್ಟಿರಲಿಲ್ಲ.

"ನನ್ನ ಕೈ" ಎಂದ. ಅವನ ಚಹಾ ಅಲ್ಲಿಯೇ ಆರಿತು. ಸಣ್ಣ ಕೀಬೋರ್ಡ್ ಆರಿಸಿದ್ದರೆ ಅದು ಯಾರ ಕೈಯಾದರೂ ಆಗಬಹುದಿತ್ತು. ಕ್ಯಾಸೆಟ್ಟಿನ ಡಬ್ಬಿಯನ್ನು ನಾನು ಓದಿದೆ. ಹಾಡುಗಾರಿಕೆ ಮಾಳಸಿದ್ದ, ಸಂಗೀತ ರಾಜಾರಾಮ.

ಮರುದಿನ ಬೆಳಿಗ್ಗೆ ಮಾಳಸಿದ್ದ ತಾನೇ ಮುರಗೆಪ್ಪನ ಮನೆಗೆ ಬಂದ, ನಾನೂ ಅಲ್ಲಿಯೇ ಇದ್ದೆ. ಅಮಾವಾಸ್ಯೆಯ ಬೆಳಗಿನ ಭಜನೆಗೆ ಕರೆಯಲು ಬಂದಿದ್ದ. ಎಂದಿನಂತೆ ಕಂಬಳಿ ಹಾಸಿಕೊಂಡು ಕುಳಿತ. ಮುರಗೆಪ್ಪ ಕೂರಲಿಲ್ಲ.

"ಆ ರಾಜಾರಾಮಗ ನಿನ್ನ ಸ್ವರ ಯಾರ ಹೇಳಿದ್ರಲೇ?"

"ನಾನ ಹೇಳಿದ್ನೆಪಾ. ಭಾಳ ಕೆಳಗ ಆಗತೈತಿ, ಬಿಳಿ ನಾಲ್ಕಕ್ಕ ತಾ ಅಂದೆ. ಅವ ಕಂಪ್ಯೂಟರಿನ ಇಲಿ ಹಿಚಕಿ ಏರಿಸೇ ಬಿಟ್ಟ. ಮಜಾ ಐತಿ ಮಗಂದು!"

"ನಾ ಯಾಕ ಕಪ್ಪು ಎರಡರಾಗ ಬಾರಿಸಿದ್ದೆ, ನಿನಗ ತಿಳಿಲಿಲ್ಲ?"

ಮಾಳಸಿದ್ದ ಕಂಬಳಿಯ ಅಂಚು ತಿರುವಿದ. ತಿಳಿದಿತ್ತು. ಆ ರೂಢಿ ಅವನಿಗೂ ಗೊತ್ತಿದ್ದದ್ದೇ.

"ಬಾರಲೇ ಅಂತ ಒಂದ ಮಾತ ಹೇಳಿ ಕಳಸಾಕ ಆಗಲಿಲ್ಲೇನು? ಹದಿನಾರ ಹಾಡು ಹಾಡಿದ್ಯಲ್ಲ, ಒಮ್ಮಿನೂ ನನ್ನ ನೆನಪಾಗಲಿಲ್ಲ?"

"ನೆನಪ್ಯಾಕ ಆಗಬೇಕೋ? ನೀ ಬಾಜೂಕ ಕುಂತಂಗ ಇತ್ತಲ್ಲ."

ಒಳಗಿನಿಂದ ಮುರಗೆಪ್ಪನ ಹೆಂಡತಿ ರುಕ್ಮವ್ವ ಚಹಾ ತಂದವಳು ಬಾಗಿಲಲ್ಲೇ ನಿಂತಳು.

"ಹಂಗಾರ ಅಮಾಸಿಗೂ ಅದನ್ನ ಕರಕೊಂಡ ಹೋಗು" ಎಂದು ಮುರಗೆಪ್ಪ ಹೊಲಕ್ಕೆ ನಡೆದ.

ಮಾಳಸಿದ್ದ ಹಾಗೆಯೇ ಮಾಡಿದ. ರಾಜಾರಾಮನಿಂದ ಬರೀ ಪೇಟಿ ಇದ್ದ ಕ್ಯಾಸೆಟ್ಟು ತಂದು, ಗುಡಿಯಲ್ಲಿ ಟೇಪು ಹಚ್ಚಿ ಹಾಡಿದ. ನಾನೂ ಹೋಗಿದ್ದೆ, ರುಕ್ಮವ್ವನೂ ಬಂದಿದ್ದಳು. ಹಾಡು ಬಹಳ ಚೆನ್ನಾಗಿ ಆಯಿತು.

ನಾವು ತಿರುಗಿ ಬಂದಾಗ ಮುರಗೆಪ್ಪ ಅಂಗಳದಲ್ಲಿ ಎತ್ತಿಗೆ ಮೇವು ಹಾಕುತ್ತಿದ್ದ. ತಲೆ ಎತ್ತದೆ ಕೇಳಿದ: "ನಾ ಯಾಕ ಬಂದಿಲ್ಲಂತ ಕೇಳಿದ್ರೇನ?"

"ಊರ ಮಂದಿ ಎಲ್ಲಾ ಕೇಳ್ತು" ಎಂದಳು ರುಕ್ಮವ್ವ.

ಅವನು ನನ್ನತ್ತ ನೋಡಿದ. ಒಬ್ಬರೂ ಕೇಳಿರಲಿಲ್ಲ. ನಾನು ನೆಲ ನೋಡುತ್ತ ನಿಂತೆ. ಅವನು ಉಳಿದ ಮೇವನ್ನು ಎತ್ತಿನ ಮುಂದೆ ಒಗೆದು ಒಳಗೆ ಹೋದ.