ಇಷ್ಟವಾದ ಬಟ್ಟಲು

ಸೋಮವಾರ ಬೆಳಿಗ್ಗೆ ಕೋಪನ್‌ಹೇಗನ್ನಿನ ಗಿರಾಕಿಗಳಿಂದ ಬಂದ ಪತ್ರದಲ್ಲಿ ಇದ್ದದ್ದು ನಾಲ್ಕೇ ಸಾಲು. ನಮಗೆಂದು ನೀವು ಗೋದಾಮಿನಲ್ಲಿ ಇಟ್ಟಿರುವ ಬ್ರೆಜಿಲ್ ಕಾಫಿಯ ಮಾದರಿ ನೋಡಿದೆವು, ಅದರಲ್ಲಿ ರಿಯೋ ಎಂಬ ಕೆಟ್ಟ ವಾಸನೆ ಇದೆ, ಎರಡು ಕಂಟೇನರನ್ನೂ ಒಪ್ಪುವುದಿಲ್ಲ, ಗುರುವಾರ ಮೂವರು ಪರೀಕ್ಷಕರು ಕುಡಿದು ತೀರ್ಮಾನ ಹೇಳಲಿ. ಗೋದಾಮಿನ ಯಜಮಾನ ತುಲ್ಯೋ ಆ ಪತ್ರವನ್ನು ಕಾಫಿ ಪರೀಕ್ಷಕಿ ನೇವಿಯಾ ಕ್ರೆವಾತಿನ್‌ಳ ಮೇಜಿನ ಮೇಲಿಟ್ಟ. ಪಕ್ಕದಲ್ಲೇ ಅವಳು ಸಹಿ ಮಾಡಿದ್ದ ಪರೀಕ್ಷಾ ಪತ್ರವನ್ನೂ ಇಟ್ಟ. ಅದರಲ್ಲಿ ಅವಳ ದುಂಡು ಅಕ್ಷರದಲ್ಲಿ 'ಶುದ್ಧ' ಎಂದಿತ್ತು.

"ಏನು ರೋಗ ಬಂದಿದೆ ಇವರಿಗೆ? ನಿಂಬೆಹಣ್ಣಿನ ನೀರು ಕುಡಿದು ಅದನ್ನೇ ಕಾಫಿ ಅನ್ನೋ ಜನ, ನಮ್ಗೆ ಪಾಠ ಹೇಳೋಕೆ ಬರ್ತಾರೆ," ಅಂದ ತುಲ್ಯೋ.

"ಇನ್ನೊಂದ್ಸಲ ಕುಡಿದು ನೋಡ್ತೀನಿ ಇರು," ಅಂದಳು ನೇವಿಯಾ.

ಬೀಜ ಹುರಿದು, ಪುಡಿ ಮಾಡಿ, ಐದು ಬಟ್ಟಲಿಗೆ ಹಾಕಿ ಬಿಸಿನೀರು ಹೊಯ್ದಳು. ನಾಲ್ಕು ನಿಮಿಷ ಬಿಟ್ಟು ಚಮಚದಲ್ಲಿ ಸೊರ್ ಎಂದು ಹೀರಿದಳು, ಬಾಯಲ್ಲಿ ಹೊರಳಾಡಿಸಿ ಉಗಿದಳು. ಐದರಲ್ಲೂ ಏನೂ ಇಲ್ಲ, ಒಳ್ಳೆಯ ಕಾಫಿ. ಇದರಿಂದ ಅವಳಿಗೆ ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ಏಕೆಂದರೆ ತುಲ್ಯೋ ಏನೇ ಅಂದರೂ ಆ ಉತ್ತರದವರು ಬೀಜವನ್ನು ಹೊಂಬಣ್ಣಕ್ಕೇ ಇಳಿಸಿಬಿಡುತ್ತಾರೆ. ನಮ್ಮ ಹಾಗೆ ಕರ್ರಗೆ ಹುರಿದರೆ ಹತ್ತು ದೋಷ ಮುಚ್ಚಿಹೋಗುತ್ತದೆ, ಅವರ ಹುರಿತದಲ್ಲಿ ಒಂದೂ ಮುಚ್ಚುವುದಿಲ್ಲ. ಅವರು ಇದೆ ಅಂದರೆ ಸಾಮಾನ್ಯವಾಗಿ ಇರುತ್ತದೆ.

ನೇವಿಯಾಗೆ ಈಗ ಐವತ್ತೆಂಟು. ಹತ್ತೊಂಬತ್ತರಲ್ಲಿ ಇಟಲಿಯ ಬಂದರು ತ್ರಿಯೆಸ್ತೆಯ ಈ ಗೋದಾಮಿಗೆ ಕಪ್ಪು ಬೀಜ ಆರಿಸುವ ಕೆಲಸಕ್ಕೆ ಬಂದವಳು. ಅಪ್ಪ ಬಂದರಿನ ಹಮಾಲಿ. ಆಗೆಲ್ಲ ಚೀಲ ಒಡೆದು ನೆಲಕ್ಕೆ ಬಿದ್ದ ಬೀಜವನ್ನು ಗುಡಿಸಿ ಮನೆಗೊಯ್ಯುವುದು ಹಮಾಲಿಗಳ ಹಕ್ಕು. ಒಳ್ಳೆಯ ಚೀಲ ಒಡೆದರೆ ಮೇಲಿನವರ ಕಣ್ಣು ಇರುತ್ತಿತ್ತು. ಸರಾಯೆವೋಗೋ ಸಲೋನಿಕಕ್ಕೋ ಹೋಗುವ ರಿಯೋ ಚೀಲ ಒಡೆದರೆ ಯಾರೂ ಕೇಳುತ್ತಿರಲಿಲ್ಲ. ಹಾಗಾಗಿ ಪಕ್ಕದೂರು ಮುಜ್ಜಾದ ಅವರ ಮನೆಯಲ್ಲಿ ಬಾಣಲೆಯಲ್ಲಿ ಹುರಿದು, ಪುಟ್ಟ ತಾಮ್ರದ ಪಾತ್ರೆಯಲ್ಲಿ ಕುದಿಸಿ ಕುಡಿದದ್ದೆಲ್ಲ ರಿಯೋ ಕಾಫಿಯೇ. ಅಯೋಡಿನ್ ಹಚ್ಚಿದ ಗಾಯದ ಹಾಗೆ ನಾರುತ್ತದೆ ಅದು. ಇಟಲಿಯವರು, ಜರ್ಮನರು ಬಾಯಿಗಿಟ್ಟರೆ ಉಗಿಯುತ್ತಾರೆ. ಬಾಲ್ಕನ್ ಕಡೆಯವರು ಅದಿಲ್ಲದಿದ್ದರೆ ಇದೇನು ಕಾಫಿಯೋ ಕಲಗಚ್ಚೋ ಎಂದು ಬೈಯುತ್ತಾರೆ. ಒಂದೇ ಖಂಡ, ಎರಡು ನಾಲಿಗೆ. ನಡುವೆ ನಮ್ಮೂರು ಎರಡನ್ನೂ ಮಾರಿಕೊಂಡು ಬದುಕುತ್ತದೆ.

ಬೀಜ ಆರಿಸುವ ಹುಡುಗಿಯನ್ನು ಒಂದು ದಿನ ಮುದುಕ ಪರೀಕ್ಷಕ ಎಜಿದಿಯೋ ತಮಾಷೆಗೆ ಮೇಜಿನ ಹತ್ತಿರ ಕರೆದ. ಆರು ಬಟ್ಟಲಲ್ಲಿ ಒಂದು ರಿಯೋ. ನೇವಿಯಾ ಐದನ್ನು ಉಗಿದು ಆ ಒಂದನ್ನು ನುಂಗಿದಳು. ನುಂಗಿದ್ದಲ್ಲದೆ ಇನ್ನೊಂದು ಚಮಚ ತೆಗೆದುಕೊಂಡಳು. ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತು. ಎಜಿದಿಯೋ ಮಾತ್ರ ನಗಲಿಲ್ಲ.

"ಏನನ್ನಿಸ್ತು ನಿಂಗೆ?" ಅಂತ ಕೇಳಿದ.

"ನಮ್ಮನೆ ಅನ್ನಿಸ್ತು," ಅಂದಳು, ಕಿವಿಯೆಲ್ಲ ಕೆಂಪಾಗಿ.

"ಹಾಗಾದ್ರೆ ನೆನಪಿಟ್ಕೋ. ಯಾವ ಬಟ್ಟಲು ನಿಂಗೆ ಇಷ್ಟ ಆಗುತ್ತೋ ಅದೇ ಕೆಟ್ಟದ್ದು. ಉಳಿದೋರು ಮೂಗಿನಲ್ಲಿ ಹುಡುಕ್ತಾರೆ, ನೀನು ಎದೆಯಲ್ಲಿ ಹುಡುಕು."

ಅವಳ ವಿದ್ಯೆಯೆಲ್ಲ ಇಷ್ಟೇ. ಮೂವತ್ತೊಂಬತ್ತು ವರ್ಷ ಇದರಲ್ಲೇ ನಡೆಯಿತು. ನೂರು ಬಟ್ಟಲು ಸಾಲಾಗಿಟ್ಟರೂ ಅಮ್ಮನ ಅಡುಗೆಮನೆ ಒಂದು ಕ್ಷಣ ಮುಂದೆ ಬಂದು ನಿಂತರೆ ಸಾಕು, ಅಲ್ಲಿ ಗೆರೆ ಎಳೆಯುತ್ತಿದ್ದಳು. ನಾಲಿಗೆ ಮರೆಯದಿರಲಿ ಎಂದು ಪ್ರತಿ ಭಾನುವಾರ ಮುಜ್ಜಾಕ್ಕೆ ಹೋಗಿ ಅಮ್ಮನ ಕೈಯಲ್ಲಿ ಒಂದು ಬಟ್ಟಲು ಕುಡಿದು ಬರುವಳು. ಅಪ್ಪ ಹೋದಮೇಲೆ ಅಮ್ಮ ಬೋಸ್ನಿಯಾದವನೊಬ್ಬನ ಅಂಗಡಿಯಲ್ಲಿ ಅದೇ ರುಚಿಯ ಪೊಟ್ಟಣ ಹುಡುಕಿಕೊಂಡಿದ್ದಳು. ಭಾನುವಾರದ ಆ ಬಟ್ಟಲಿನ ಗುಟ್ಟನ್ನು ನೇವಿಯಾ ಅಮ್ಮನಿಗೆ ಎಂದೂ ಹೇಳಲಿಲ್ಲ. ನಿನ್ನ ಕಾಫಿ ಈ ಬಂದರಿನ ಕೆಟ್ಟ ಕಾಫಿಗೆ ಅಳತೆಗೋಲು ಎಂದು ಹೆತ್ತವಳ ಮುಂದೆ ಯಾವ ಬಾಯಲ್ಲಿ ಹೇಳುವುದು?

ಪತ್ರ ಬಂದ ಸಂಜೆ ಅವಳು ಇಪ್ಪತ್ತನೇ ನಂಬರಿನ ಬಸ್ಸು ಹಿಡಿದಳು. ಅಮ್ಮ ಪಿಯೆರೀನಾಗೆ ಎಂಬತ್ತಮೂರು. ಕೆಳಗಿನ ಮನೆಯವಳ ಜೊತೆ ಇಸ್ಪೀಟಾಡಿ ಗೆದ್ದು ಈಗಷ್ಟೇ ಮೇಲೆ ಬಂದಿದ್ದಳು, ಮುಖ ಬೆಳಗುತ್ತಿತ್ತು.

"ಸೋಮವಾರ ಬಂದಿದೀಯಲ್ಲೇ! ಯಾರು ಸತ್ರು?"

"ಯಾರೂ ಸತ್ತಿಲ್ಲಮ್ಮ. ಒಂದು ಬಟ್ಟಲು ಕಾಫಿ ಮಾಡು. ಸಕ್ಕರೆ ಹಾಕ್ಬೇಡ."

"ಸಕ್ಕರೆ ಇಲ್ದೆ ಅದನ್ನ ಹಂದಿನೂ ಕುಡಿಯಲ್ಲ ಕಣೇ."

ನೇವಿಯಾ ಕುಡಿದಳು. ಈ ಸಲ ಮಗಳಾಗಿ ಕುಡಿಯಲಿಲ್ಲ, ಪರೀಕ್ಷಕಿಯಾಗಿ ಕುಡಿದಳು. ಸುಟ್ಟ ಹಲಗೆ, ಹಸಿ ಕಡಲೆಕಾಯಿ, ಕೊನೆಗೊಂದು ಒರಟು ಕಹಿ. ಅಯೋಡಿನ್ನಿನ ಸುಳಿವೂ ಇಲ್ಲ. ಎದ್ದು ಡಬ್ಬ ತೆಗೆದಳು, ಕಸದ ಬುಟ್ಟಿಯಿಂದ ಪೊಟ್ಟಣ ಹೆಕ್ಕಿ ಅದರ ಬೆನ್ನನ್ನು ಓದಿದಳು. ವಿಯೆಟ್ನಾಂ, ಉಗಾಂಡ. ಬ್ರೆಜಿಲ್ ಹೆಸರೇ ಇಲ್ಲ.

"ಇದು ಯಾವಾಗಿಂದ ಅಮ್ಮ?"

"ಯಾವಾಗಿಂದ ಅಂದ್ರೆ? ಅಂಗಡಿಯವ್ನು ಹೋದ ವರ್ಷದಿಂದ್ಲೇ ಬೆರೆಸ್ತಾ ಬಂದ. ಬ್ರೆಜಿಲ್‌ದು ಕೈಗೆಟುಕಲ್ಲ ಅಜ್ಜೀ, ಕಾಲು ಪಾಲು ಇದು ಹಾಕ್ತೀನಿ ಅಂದ. ಆಮೇಲೆ ಅರ್ಧ. ಈಸ್ಟರ್ ಉಪವಾಸ ಶುರುವಾದಾಗಿಂದ ಪೂರ್ತಿ ಇದೇ. ಮಾರ್ಚಿಂದ ಅನ್ಕೋ. ನಂಗೂ ರೂಢಿಯಾಯ್ತು. ನೀನೂ ಕುಡೀತಿದ್ಯಲ್ಲ, ಚಕಾರ ಎತ್ತಲಿಲ್ಲ!"

ಎತ್ತಲಿಲ್ಲ, ನಿಜ. ಒಂದೇ ಏಟಿಗೆ ಬದಲಾಗಿದ್ದರೆ ಖಂಡಿತ ಹಿಡಿಯುತ್ತಿದ್ದಳು. ಚೂರು ಚೂರೇ ಬದಲಾದ್ದನ್ನು, ಅದೂ ಸಕ್ಕರೆ ಹಾಕಿ ಅಮ್ಮನ ಹರಟೆ ಕೇಳುತ್ತ ಕುಡಿದದ್ದನ್ನು, ಹಿಡಿಯಲಿಲ್ಲ. ಅಮ್ಮನ ಮನೆಯ ರುಚಿ ಬೇರೆಯಾಯಿತು, ಅದರ ಜೊತೆ ಅವಳ ಎದೆಯೂ ದಾರಿ ಬದಲಿಸಿತು. ಈಗ ರಿಯೋ ಬಂದು ಬಾಗಿಲು ಬಡಿದರೂ ತೆರೆಯುವವರು ಒಳಗಿಲ್ಲ. ವಿಷಯವನ್ನು ಅಮ್ಮನಿಗೆ ಹೇಳಲೇಬೇಕಾಯಿತು, ಹೇಳಿದಳು.

ಪಿಯೆರೀನಾ ಡಬ್ಬದ ಮುಚ್ಚಳ ಹಾಕಿದಳು. ಆಮೇಲೆ, "ಅಂದ್ರೆ ಇಷ್ಟು ವರ್ಷ ಭಾನುವಾರ ಭಾನುವಾರ ನೀನು ಬಂದಿದ್ದು ಕೆಟ್ಟದ್ದು ಹೇಗಿರುತ್ತೆ ಅಂತ ನೋಡ್ಕೊಂಡು ಹೋಗೋಕೆ," ಅಂದಳು.

"ಹಾಗಲ್ಲಮ್ಮ."

"ಮತ್ತೆ ಹೇಗೆ?"

ಅಮ್ಮ ಬಟ್ಟಲು ತೊಳೆಯಲು ಎದ್ದಳು, ಮಗಳ ಕಡೆ ತಿರುಗಿ ನೋಡಲಿಲ್ಲ. ಬಸ್ಸಿನಲ್ಲಿ ಕೂತಾಗ ನೇವಿಯಾಗೆ ಅಳು ಬಂತು. ಅಳು ಅಮ್ಮನಿಗಾಗಿಯೋ ನಾಲಿಗೆಗಾಗಿಯೋ ಅವಳಿಗೇ ತಿಳಿಯಲಿಲ್ಲ.

ಮಾರನೆಯ ದಿನ ತುಲ್ಯೋಗೆ ಎಲ್ಲ ಹೇಳಿದಳು. ಅವನು ಬಾಗಿಲು ಹಾಕಿಕೊಂಡು ಬಂದ.

"ಯಾರ ಹತ್ರಾನಾದ್ರೂ ಬಾಯಿ ಬಿಟ್ಟಿದೀಯಾ?"

"ಅಮ್ಮನ ಹತ್ರ."

"ಅಮ್ಮನ ಕಥೆ ಬಿಡು. ನೋಡು, ಗುರುವಾರ ಹ್ಯಾಂಬರ್ಗಿನ ಓಲ್ಡೆಕೋಪ್ ಬರ್ತಾನೆ, ಜಿನೋವಾದ ಸಿಲ್ವಾನಾ ಬರ್ತಾಳೆ, ಮೂರನೇದು ನೀನು. ಓಲ್ಡೆಕೋಪ್‌ಗೆ ಕೆಟ್ಟ ಬಟ್ಟಲು ಸಿಕ್ರೆ ಎಡಹುಬ್ಬು ಮೇಲೆ ಹೋಗುತ್ತೆ, ಮೂವತ್ತು ವರ್ಷದಿಂದ ನೋಡ್ತಿದೀನಿ. ಹುಬ್ಬು ನೋಡ್ಕೊಂಡು ಬರಿ. ಹಿಂದಿನ ಸಹಿ ಕಣ್ತಪ್ಪಿಂದ ಆಯ್ತು ಅನ್ನೋಣ. ಮಾಲು ಸರಾಯೆವೋಗೆ ಹೋಗುತ್ತೆ, ಅವ್ರು ಕಣ್ಣಿಗೊತ್ಕೊಂಡು ತಗೋತಾರೆ. ಒಂದು ತಪ್ಪು ಯಾರಿಗಿಲ್ಲ ಹೇಳು?"

"ಆಮೇಲೆ?"

"ಆಮೇಲೇನು? ನಿವೃತ್ತಿಗೆ ನಿಂಗೆ ಎಷ್ಟು ವರ್ಷ ಇದೆ?"

"ಆರು."

"ಆರು ವರ್ಷ ಹುಬ್ಬು ನೋಡೋದು ಕಷ್ಟವೇನೇ, ಮಾರಾಯ್ತಿ?"

ತುಲ್ಯೋ ಕೆಟ್ಟವನಲ್ಲ. ಅದೇ ತೊಂದರೆ. ಕೆಟ್ಟವನಾಗಿದ್ದರೆ ಅವನಿಗೆ ಒಂದು ಮಾತು ಅಂದು ಹಗುರಾಗಬಹುದಿತ್ತು. ನಾಲಿಗೆ ಇಲ್ಲವೆಂದು ಗೊತ್ತಾದ ಪರೀಕ್ಷಕಿಗೆ ಈ ಬಂದರಿನಲ್ಲಿ ಇನ್ನಾರೂ ಕುರ್ಚಿ ಕೊಡುವುದಿಲ್ಲ ಎಂಬುದು ಅವನಿಗೂ ಗೊತ್ತು, ಅವಳಿಗೂ ಗೊತ್ತು. ಬುಧವಾರವಿಡೀ ನೇವಿಯಾ ಹತ್ತು ಸಲ 'ಕಣ್ತಪ್ಪು' ಎಂಬ ಮಾತನ್ನು ತನ್ನೊಳಗೇ ಹೇಳಿಕೊಂಡು ನೋಡಿದಳು. ಪ್ರತಿ ಸಲವೂ ಅದು ಸಲೀಸಾಗಿ ಬಾಯಿಗೆ ಬಂತು. ಅಷ್ಟು ಸಲೀಸಾಗಿ ಬಂದದ್ದೇ ಅವಳಿಗೆ ಹೆದರಿಕೆ ಹುಟ್ಟಿಸಿತು.

ಗುರುವಾರ ಬೋರಾ ಎಂಬ ಬಿರುಸಿನ ಚಳಿಗಾಳಿ ಎದ್ದಿತ್ತು. ಪರೀಕ್ಷೆಯ ಕೋಣೆಯ ಕಿಟಕಿಗಳು ಗಡಗಡ ಅನ್ನುತ್ತಿದ್ದವು. ದುಂಡು ಮೇಜಿನ ಸುತ್ತ ಮೂವರು, ಮೇಲೆ ಹತ್ತು ಬಟ್ಟಲು, ಯಾವುದು ಯಾವ ಚೀಲದ್ದೆಂದು ತುಲ್ಯೋಗೂ ಗೊತ್ತಿಲ್ಲ. ಕುಡಿಯುವಾಗ ಮಾತಿಲ್ಲ. ಬರೆದ ಚೀಟಿ ಮಗುಚಿಡಬೇಕು. ಎಲ್ಲರದೂ ಆದಮೇಲೆ ವಯಸ್ಸಿನಲ್ಲಿ ಹಿರಿಯರು ಗಟ್ಟಿಯಾಗಿ ಓದಬೇಕು. ಈ ಪದ್ಧತಿ ಎಜಿದಿಯೋನ ಕಾಲಕ್ಕೂ ಮುಂಚಿನದು.

ಓಲ್ಡೆಕೋಪ್ ಎಪ್ಪತ್ತರ ಎತ್ತರದ ಆಳು. ಮೊದಲ ಬಟ್ಟಲು, ಎರಡನೆಯದು. ನೇವಿಯಾ ಅವನ ಹಿಂದೆಯೇ ಹೀರಿದಳು, ಉಗಿದಳು. ಮೂರನೆಯದರಲ್ಲಿ ಅವನ ಎಡಹುಬ್ಬು ಸಣ್ಣಗೆ ಮೇಲೆ ಹೋಯಿತು. ಬೇಡವೆಂದುಕೊಂಡೇ ನೋಡಿದ್ದಳು, ಕಣ್ಣಿಗೆ ಬಿತ್ತು. ಗೋಡೆಗೊರಗಿ ನಿಂತಿದ್ದ ತುಲ್ಯೋನ ಕಣ್ಣಿಗೂ ಬಿತ್ತು. ಅವನು ಅವಳನ್ನೇ ನೋಡಿದ.

ಅವಳ ಸರದಿ. ಮೂರನೆಯ ಬಟ್ಟಲನ್ನು ಹೀರಿದಳು. ನಾಲಿಗೆಯ ತುದಿ, ಬುಡ, ಮೂಗಿನ ಹಿಂಭಾಗ, ಎಲ್ಲ ಹುಡುಕಿದಳು. ಎದೆಯಲ್ಲೂ ಹುಡುಕಿದಳು. ಒಂದು ಸಾಧಾರಣ, ಸಿಹಿಯಾದ, ಮರ್ಯಾದಸ್ಥ ಕಾಫಿ. ಮತ್ತೊಂದು ಚಮಚ ತೆಗೆದುಕೊಂಡಳು. ಇಲ್ಲ. ಮುಂದಿನ ಏಳು ಬಟ್ಟಲೂ ಹಾಗೇ ಕಳೆದವು. ಓಲ್ಡೆಕೋಪ್‌ನ ಹುಬ್ಬು ಏಳರಲ್ಲಿ ಇನ್ನೊಮ್ಮೆ ಎದ್ದಿತು.

ಸಿಲ್ವಾನಾ ಬೇಗ ಬರೆದು ಮಗುಚಿಟ್ಟಳು, ಓಲ್ಡೆಕೋಪ್ ಕೂಡ. ನೇವಿಯಾಳ ಚೀಟಿ ಖಾಲಿಯಿತ್ತು. ಮೂರು ಮತ್ತು ಏಳು ಎಂದು ಬರೆದರೆ ಮುಗಿಯಿತು. ಉತ್ತರ ಸರಿಯಾಗಿಯೇ ಇರುತ್ತದೆ, ಅದು ಸುಳ್ಳೂ ಅಲ್ಲ. ಪೆನ್ನು ಕಾಗದಕ್ಕೆ ತಾಕಿತು. ಬೇಸರದಿಂದಲೋ ಕನಿಕರದಿಂದಲೋ ಓಲ್ಡೆಕೋಪ್ ಗಡಿಯಾರ ನೋಡಿಕೊಂಡ. ಅವಳು ಒಂದೇ ಸಾಲು ಬರೆದು ಮಗುಚಿಟ್ಟಳು.

ಓಲ್ಡೆಕೋಪ್ ಓದತೊಡಗಿದ. "ನನ್ನದು, ಮೂರು ಮತ್ತು ಏಳು, ರಿಯೋ. ಸಿಲ್ವಾನಾ, ಮೂರು ಮತ್ತು ಏಳು, ರಿಯೋ." ಮೂರನೆಯ ಚೀಟಿ ತಿರುಗಿಸಿ ತಡೆದ. ಕನ್ನಡಕ ಸರಿಮಾಡಿಕೊಂಡ. "ನೇವಿಯಾ ಕ್ರೆವಾತಿನ್. 'ರಿಯೋ ಈಗ ನನಗೆ ಗೊತ್ತಾಗುವುದಿಲ್ಲ. ನನ್ನ ಸಹಿಯನ್ನು ನಂಬಬೇಡಿ.'"

ಕಿಟಕಿ ಗಡಗಡ ಅಂದಿತು. ತುಲ್ಯೋ ಕಣ್ಣು ಮುಚ್ಚಿಕೊಂಡ.

"ಇಂಥ ಚೀಟಿ ನಾನು ಎಂದೂ ಓದಿಲ್ಲ," ಅಂದ ಓಲ್ಡೆಕೋಪ್ ನಿಧಾನವಾಗಿ. "ಈ ಸರಕಿನ ಮಾತು ಇತ್ಯರ್ಥವಾಯ್ತು. ಆದ್ರೆ ಒಂದು ಕೇಳ್ಬೇಕು. ಯಾವಾಗಿನಿಂದ ಗೊತ್ತಾಗ್ತಿಲ್ಲ?"

"ಮಾರ್ಚಿಂದ ಪೂರ್ತಿ ಹೋಗಿದೆ. ಅದಕ್ಕೆ ಮುಂಚೆ ಎಷ್ಟು ಇತ್ತು ಅಂತ ಹೇಳೋಕಾಗಲ್ಲ."

"ಮಾರ್ಚ್‌ನಿಂದ ಈವರೆಗೆ ಎಷ್ಟು ಸರಕಿಗೆ ಸಹಿ ಹಾಕಿದ್ದೀರಿ?"

"ನೇವಿಯಾ, ಸಾಕು, ಬಾಯಿ ಮುಚ್ಚು," ಅಂದ ತುಲ್ಯೋ.

"ಅರವತ್ತೆರಡಕ್ಕೆ," ಅಂದಳು ನೇವಿಯಾ.

ಸಿಲ್ವಾನಾ ಕೈಯಲ್ಲಿದ್ದ ಚಮಚವನ್ನು ಮೇಜಿನ ಮೇಲಿಟ್ಟಳು. ಅರವತ್ತೆರಡು ಸರಕು, ವಿಯೆನ್ನಾ, ಗ್ರಾತ್ಸ್, ಬೇಸಲ್, ಮ್ಯೂನಿಕ್. ಅರ್ಧಕ್ಕರ್ಧ ಹುರಿದಾಗಿದೆ, ಪೊಟ್ಟಣ ಕಟ್ಟಿಯಾಗಿದೆ, ಜನ ಕುಡಿದೂ ಆಗಿದೆ. ಯಾವುದರಲ್ಲಿ ಏನಿತ್ತೋ ಯಾರಿಗೂ ಗೊತ್ತಿಲ್ಲ. ಗೊತ್ತಿರಬೇಕಾಗಿದ್ದವಳು ಅವಳೊಬ್ಬಳೇ.

ನೇವಿಯಾ ಎದ್ದಳು. ಗೋಡೆಯ ಕಪಾಟಿನಲ್ಲಿ ಪ್ರತಿ ಸರಕಿನದೂ ಒಂದು ಹಿಡಿ ಬೀಜ ತಗಡಿನ ಡಬ್ಬಿಯಲ್ಲಿ ವರ್ಷವಿಡೀ ಉಳಿದಿರುತ್ತದೆ. ಮಾರ್ಚಿನ ಮೊದಲ ಡಬ್ಬಿಯನ್ನು ಇಳಿಸಿದಳು. ಅದರ ಮೇಲಿನ ಚೀಟಿಯಲ್ಲಿ ಅವಳದೇ ದುಂಡು ಅಕ್ಷರವಿತ್ತು. ಬೀಜ ಹುರಿದು, ಪುಡಿ ಮಾಡಿ, ಬಿಸಿನೀರು ಹೊಯ್ದು, ಬಟ್ಟಲುಗಳನ್ನು ಆ ಇಬ್ಬರ ಮುಂದೆ ಇಟ್ಟಳು. ತನ್ನ ಕುರ್ಚಿಯಲ್ಲಿ ಕೂರಲಿಲ್ಲ, ನಿಂತೇ ಇದ್ದಳು.

"ನೀವು ಕುಡೀರಿ, ನಾನು ಬರ್ಕೋತೀನಿ," ಅಂದಳು.

ಓಲ್ಡೆಕೋಪ್ ಸೊರ್ ಎಂದು ಹೀರಿದ. ಅವನ ಮುಖವನ್ನು ನೇವಿಯಾ ಈಗ ಮುಚ್ಚುಮರೆಯಿಲ್ಲದೆ ನೋಡಿದಳು. ಎಡಹುಬ್ಬು ಮೇಲೆ ಹೋಯಿತು. ಅವಳು ಡಬ್ಬಿಯ ಚೀಟಿಯಲ್ಲಿ 'ಶುದ್ಧ' ಎಂಬುದನ್ನು ಹೊಡೆದುಹಾಕಿ, ಕೆಳಗೆ 'ರಿಯೋ' ಎಂದು ಬರೆದು, ಎರಡನೆಯ ಡಬ್ಬಿ ಇಳಿಸಲು ಕಪಾಟಿನ ಕಡೆ ನಡೆದಳು.