ಎದುರಿಗೆ ಬಂದು ಹೇಳಲಿ

ಹೆಲ್ಪರ್ ಎಂದರೆ ಏಣಿ ಹೊರುವವ, ಚಹಾ ತರುವವ ಎಂದೇ ನಮ್ಮೂರಿನ ತಿಳಿವಳಿಕೆ. ಲೈನ್‌ಮನ್ ಮಶಾಕಸಾಬನ ಹಿಂದೆ ಹಗ್ಗ ಹೊತ್ತು ನಡೆಯುವ ಸೋಮನಿಂಗನನ್ನು ಯಾರೂ ಹೆಸರು ಹಿಡಿದು ಕರೆದವರಲ್ಲ. ಅವನಿಗೆ ಅದರಿಂದ ಬೇಸರವಿರಲಿಲ್ಲ. ಸಿಟ್ಟು ಬರುತ್ತಿದ್ದುದು ನನಗೆ.

ಅವನ ನಿಜವಾದ ಕೆಲಸವೇ ಬೇರೆ. ಮಶಾಕಸಾಬ ಕಂಬ ಹತ್ತುವ ಮೊದಲು ಇವನು ಟ್ರಾನ್ಸ್‌ಫಾರ್ಮರಿನ ಫ್ಯೂಜುಗಳನ್ನು ಕಿತ್ತು, ಟವೆಲ್ಲಿನಲ್ಲಿ ಗಂಟು ಕಟ್ಟಿ, ಮಡಿಲಲ್ಲಿಟ್ಟುಕೊಂಡು ಅಲ್ಲೇ ಕೂಡುತ್ತಿದ್ದ. ಹತ್ತಿದವ ಇಳಿದು, ನಡೆದು ಬಂದು, ಕೈ ಚಾಚಿ ಕೇಳಿದ ಮೇಲೆಯೇ ಗಂಟು ಬಿಚ್ಚುವುದು. ಅದು ಅವರಿಬ್ಬರ ಕರಾರು.

ಹೋದ ಬೇಸಿಗೆಯಲ್ಲಿ ಸಾಲೋಟಗಿ ದಾರಿಯ ಹೊಲದಲ್ಲಿ ತಂತಿ ಕಡಿದು ಬಿತ್ತು. ಮಶಾಕಸಾಬ ಹತ್ತಿದ ಕಂಬ ದೂರ, ಜಾಲಿಗಿಡಗಳ ಮರೆಯಲ್ಲಿತ್ತು. ನಾವು ನಾಲ್ಕು ಮಂದಿ ಸೋಮನಿಂಗನ ಜೊತೆ ಟ್ರಾನ್ಸ್‌ಫಾರ್ಮರಿನ ಹತ್ತಿರ ಬೇವಿನ ನೆರಳಲ್ಲಿ ಕರೆಂಟು ಕಾಯುತ್ತಿದ್ದೆವು. ಆಗ ನಿಂಬೆ ತೋಟದ ಪರಪ್ಪಗೌಡರು ಬೈಕಿನಲ್ಲಿ ಬಂದರು.

“ಏ ಹೆಲ್ಪರ್, ಫ್ಯೂಜ್ ಹಾಕಲೇ. ಗಿಡ ಒಣಗಾಕತ್ತಾವು.”

“ಮ್ಯಾಲೆ ಮನುಷ್ಯಾ ಅದಾನ್ರಿ, ಗೌಡ್ರ.”

ಗೌಡರು ಮೊಬೈಲ್ ಹಚ್ಚಿ ಸ್ಪೀಕರಿಗೆ ಹಾಕಿದರು. ಮಶಾಕಸಾಬನದೇ ದನಿ: “ಇಳದೇನಿ ಸೋಮಣ್ಣಾ, ಕೆಲಸ ಮುಗದೈತಿ. ಹಾಕು.”

ನಾವೆಲ್ಲ ಎದ್ದೆವು. ಸೋಮನಿಂಗ ಏಳಲಿಲ್ಲ.

“ಎದರಿಗೆ ಬಂದು ಹೇಳ್ಲಿ.”

“ಅಂವಗಿಂತ ದೊಡ್ಡಾಂವ ಏನಲೇ ನೀ? ನಾಳಿಗೇ ನಿನ್ನ ಕೆಲಸ ಬಿಡಸ್ತೇನಿ!”

“ನಾಳಿ ಬಿಡಸ್ರಿ. ಇವತ್ತ ಇನ್ನೂ ನಾನ ಹೆಲ್ಪರ್ ಅದೇನಿ.”

ಗೌಡರು ಗಂಟಿಗೇ ಕೈ ಹಾಕಿದರು. ಸೋಮನಿಂಗ ಅದನ್ನು ಎದೆಗವಚಿಕೊಂಡು ಪಕ್ಕದ ಬಾವಿಯ ದಂಡೆಗೆ ಹೋಗಿ ನಿಂತ. ಅವನ ಬಡಕಲು ಮೈಯಲ್ಲಿ ಅಷ್ಟು ಬಿರುಸು ಇದ್ದದ್ದು ನಮಗೆ ಗೊತ್ತೇ ಇರಲಿಲ್ಲ.

“ಮುಂದ ಬಂದ್ರ ಬಾವ್ಯಾಗ ಒಗೀತೇನಿ. ಆಮ್ಯಾಲೆ ನೀವ ಮುಳುಗಿ ತಕ್ಕೋರಿ.”

ಅಷ್ಟರಲ್ಲಿ ಮಶಾಕಸಾಬ ಬದುವಿನ ಗುಂಟ ಓಡಿ ಬಂದ. ಮುಖದಲ್ಲಿ ರಕ್ತವೇ ಇರಲಿಲ್ಲ.

“ತಂತಿ ಕತ್ತರಸೋ ಪಕ್ಕಡ ಮ್ಯಾಲೇ ಮರತಿದ್ದೆ. ಫೋನ್ ಇಟ್ಟು ಮತ್ತ ಹತ್ತಿದೆ. ತಂತಿ ಹಿಡದಾಗ ನೆನಪಾತು, ಫೋನಿನ್ಯಾಗ ಹಾಕು ಅಂತ ಹೇಳೇನಲ್ಲ ಅಂತ.”

ಮಶಾಕಸಾಬ ಕರಾರಿನಂತೆ ಕೈ ಚಾಚಿದ. ಸೋಮನಿಂಗ ಗಂಟು ಬಿಚ್ಚಲಿಲ್ಲ.

“ಮೊದಲ ನೀರ ಕುಡಿ,” ಅಂದ. ಆಮೇಲೆ ತಿರುಗಿ, “ಗೌಡ್ರ, ನಿಮ್ಮ ಬೈಕಿನ್ಯಾಗ ನೀರಿನ ಬಾಟ್ಲಿ ಐತಲ್ರಿ, ತರ್ರಿ.”

ಗೌಡರೇ ಹೋಗಿ ತಂದುಕೊಟ್ಟರು.